ಪಂಚಾಂಗದಲ್ಲಿ ಹನ್ನೊಂದು ತಿಂಗಳು

ನನ್ನ ಹೆಂಡತಿ ನನ್ನ ಅಕ್ಕನ ಮಗಳು. ಇದನ್ನು ನಮ್ಮ ಕಡೆಯ ಯಾವ ಮದುವೆ ಮನೆಯಲ್ಲಿ ಹೇಳಿದರೂ ‘ಅದಕ್ಕೇನೀಗ, ಎಲೆ ಹಾಕ್ತಿದಾರೆ, ಏಳಿ’ ಅನ್ನುತ್ತಾರೆ. ನಮ್ಮೂರು ಸುಗಟೂರಿನಲ್ಲಿ ಇಂಥ ಜೋಡಿಗಳನ್ನು ಎಣಿಸಲು ಎರಡೂ ಕೈಯ ಬೆರಳು ಸಾಲವು. ಅರವತ್ತು ವರ್ಷ ತುಂಬಿಸಿಕೊಂಡು, ಸರ್ಕಾರದಿಂದ ಶಾಲು ಹೊದಿಸಿಕೊಂಡು ನಿವೃತ್ತನಾದ ನಾನು ಈ ಸಂಗತಿಯನ್ನು ಹೇಳಲು ಮೊದಲ ಸಲ ತಡವರಿಸಿದ್ದು ಬೆಂಗಳೂರಿನ ಒಂದು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ನನ್ನ ಮಗಳ ವಯಸ್ಸಿನ ಒಬ್ಬ ಹುಡುಗಿಯ ಮುಂದೆ.

ಅಲ್ಲಿಗೆ ಹೋದದ್ದು ಅಕ್ಕನ ಕತ್ತಿನ ದೆಸೆಯಿಂದ. ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ನನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು, ಆಮೇಲೆ ತನ್ನ ಒಬ್ಬಳೇ ಮಗಳನ್ನು ನನಗೇ ಕೊಟ್ಟವಳು. ‘ಹೊರಗಿಂದ ಯಾಕೋ ತರೋದು? ಗೊತ್ತಿರೋ ರಕ್ತ’ ಎನ್ನುವುದು ಅಂದು ಅವಳು ಕೊಟ್ಟ ಕಾರಣ. ಮುಳಬಾಗಿಲಿನಲ್ಲಿ ಅವಳ ಮನೆ. ಒಂದು ವರ್ಷದಿಂದ ಹೊಟ್ಟೆ ಕೆಟ್ಟಿತ್ತು. ಎಲ್ಲರೂ ಮಜ್ಜಿಗೆಯನ್ನು ಬೈದರು. ಧ್ವನಿ ಒಡೆಯಿತು, ಎಲ್ಲರೂ ಅವಳ ಜಗಳಗಳನ್ನು ಬೈದರು. ಕತ್ತಿನಲ್ಲಿ ಗಡ್ಡೆ ಕಾಣಿಸಿದಾಗ ಮಾತ್ರ ಯಾರೂ ಏನನ್ನೂ ಬೈಯಲಿಲ್ಲ, ಏಕೆಂದರೆ ನಮ್ಮ ಅಮ್ಮನಿಗೂ ಅಂಥದೇ ಕತ್ತು ಇತ್ತು. ಅಮ್ಮ ವಕ್ಕಲೇರಿ ಕಡೆಯವಳು. ಅವಳ ಕತ್ತು ಊದಿದ್ದು ವಕ್ಕಲೇರಿಯ ಬಾವಿಯ ನೀರಿನಿಂದ ಎಂದು ನಮ್ಮ ಮನೆತನ ಸರ್ವಾನುಮತದಿಂದ ತೀರ್ಮಾನಿಸಿ ನಲವತ್ತು ವರ್ಷ ಆಗಿತ್ತು. ಆ ಬಾವಿ ಮುಚ್ಚಿಹೋದ ಮೇಲೂ ತೀರ್ಮಾನವನ್ನು ಯಾರೂ ಮರುಪರಿಶೀಲಿಸಿರಲಿಲ್ಲ.

ಕೋಲಾರದ ಡಾಕ್ಟರು ಗಡ್ಡೆಗೆ ಸೂಜಿ ಹಾಕಿ ಎಳೆದು, ಎಳೆದದ್ದನ್ನು ಪರೀಕ್ಷೆಗೆ ಕಳಿಸಿ, ಬಂದ ಕಾಗದ ಓದಿ ಬೆಂಗಳೂರಿಗೆ ಬರೆದುಕೊಟ್ಟರು. ಥೈರಾಯ್ಡ್ ಕ್ಯಾನ್ಸರಿನಲ್ಲೂ ಜಾತಿಗಳಿವೆ ಎಂದು ಆಗ ತಿಳಿಯಿತು. ಅಕ್ಕನದು ‘ಮೆಡುಲರಿ’ ಎಂಬುದು, ಅಪರೂಪದ್ದು. ಉಳಿದ ಜಾತಿಗಳು ಒಬ್ಬೊಬ್ಬರಿಗೆ ಬಂದು ಅಲ್ಲೇ ಮುಗಿಯುವುದು ಹೆಚ್ಚು. ಇದು ಹಾಗಲ್ಲ, ಕೆಲವು ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ನಮ್ಮ ಮನೆ ಆ ಕೆಲವು ಮನೆಗಳಲ್ಲಿ ಒಂದೋ ಅಲ್ಲವೋ ಎಂದು ನೋಡಲು ಅಕ್ಕನ ರಕ್ತ ತೆಗೆದು ಜೀನ್ ಪರೀಕ್ಷೆಗೆ ಕಳಿಸಿದರು. ಮೂರು ವಾರ ಕಳೆದು ಉತ್ತರ ಬಂತು. ಹೌದು, ಒಂದು. ರೆಟ್ ಎಂಬ ಜೀನಿನ ಒಂದು ಜಾಗದಲ್ಲಿ ಹುಟ್ಟಿನಿಂದಲೇ ವ್ಯತ್ಯಾಸವಿದೆ. ವಕ್ಕಲೇರಿಯ ಬಾವಿ ನಿರ್ದೋಷಿಯಾಗಿ ಬಿಡುಗಡೆಯಾಯಿತು.

ಆ ಹುಡುಗಿ ಇದನ್ನು ಮನೆಯವರಿಗೆ ವಿವರಿಸುವ ಕೆಲಸದವಳು. ಅಕ್ಕನನ್ನು ಹೊರಗೆ ಕೂರಿಸಿ ನಾನೊಬ್ಬನೇ ಒಳಗೆ ಹೋಗಿದ್ದೆ. ಅವಳು ಪೆನ್ಸಿಲು ಹಿಡಿದು ಬಿಳಿ ಹಾಳೆಯ ಮೇಲೆ ವಂಶವೃಕ್ಷ ಬರೆಯತೊಡಗಿದಳು. ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ. ಕಾಯಿಲೆಯವರಿಗೆ ಒಳಗೆಲ್ಲ ಕಪ್ಪು.

“ಪೇಷಂಟು ನಿಮಗೆ ಏನಾಗ್ಬೇಕು ಸರ್?”

“ಅಕ್ಕ.”

“ಅವ್ರಿಗೆ ಮಕ್ಕಳು?”

“ಒಬ್ಬಳೇ ಮಗಳು.”

“ಅವ್ರಿಗೆ ಮದುವೆ ಆಗಿದ್ಯಾ?”

“ಆಗಿ ಮೂವತ್ತು ವರ್ಷ ಆಯ್ತು.”

“ಗಂಡ ಏನ್ಮಾಡ್ತಾರೆ? ಇದಾರಾ?”

“ಇದೀನಿ,” ಎಂದೆ.

ಪೆನ್ಸಿಲು ನಿಂತಿತು. “ಪೇಷಂಟು ಅಕ್ಕ ಅಂದ್ರಲ್ಲ ಸರ್?”

“ತಮ್ಮನೂ ಹೌದಮ್ಮ, ಅಳಿಯನೂ ಹೌದು. ಎರಡು ಹುದ್ದೆ ಒಬ್ಬನೇ ನೋಡ್ಕೋತಿದೀನಿ.”

ಅವಳು ನಗಲಿಲ್ಲ. ರಬ್ಬರಿನಿಂದ ಒಂದಿಷ್ಟು ಅಳಿಸಿ, ನನ್ನ ಚೌಕಕ್ಕೂ ನನ್ನ ಹೆಂಡತಿಯ ಸೊನ್ನೆಗೂ ನಡುವೆ ಒಂದರ ಬದಲು ಎರಡು ಗೆರೆ ಎಳೆದಳು. ರಕ್ತಸಂಬಂಧದಲ್ಲಿ ಮದುವೆಯಾದವರಿಗೆ ಎರಡು ಗೆರೆಯಂತೆ. ಕೆಳಗೆ ನನ್ನ ಮಗಳ ಪುಟ್ಟ ಸೊನ್ನೆ ಬಿತ್ತು. ಆ ಸೊನ್ನೆಯಿಂದ ಮೇಲಕ್ಕೆ ಯಾವ ದಾರಿ ಹಿಡಿದು ಹೋದರೂ ಅಮ್ಮನ ಕಪ್ಪು ಸೊನ್ನೆಗೇ ಹೋಗಿ ಮುಟ್ಟುತ್ತಿತ್ತು.

“ನಿಮ್ಮ ತಾಯಿಗೆ ಇದ್ದಿದ್ರೆ, ನಿಮಗೆ ಬಂದಿರೋ ಚಾನ್ಸು ಅರ್ಧಕ್ಕರ್ಧ. ನಿಮ್ಮ ವೈಫ್‌ಗೆ ಅವ್ರ ತಾಯಿಯಿಂದ ಬಂದಿರೋದೂ ಅರ್ಧಕ್ಕರ್ಧ. ಮಗಳಿಗೆ ಇಬ್ಬರಲ್ಲಿ ಯಾರಿಂದ ಬೇಕಾದ್ರೂ ಬರಬಹುದು. ಮೂರೂ ಜನ ರಕ್ತ ಕೊಡಿ ಸರ್. ಯಾರಿಗಿದೆ ಅಂತ ಗೊತ್ತಾದ್ರೆ, ಅದು ಹರಡೋ ಮುಂಚೇನೇ ಗ್ರಂಥಿ ತೆಗೆದುಬಿಡ್ತಾರೆ. ಆಮೇಲೆ ದಿನಾ ಒಂದು ಮಾತ್ರೆ, ಅಷ್ಟೇ. ಆದ್ರೆ ತಡ ಮಾಡ್ಬೇಡಿ.” ಅದನ್ನೇ ಕಾಗದದಲ್ಲಿ ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಟ್ಟಳು.

ಇಲ್ಲಿ ನನ್ನ ಉದ್ಯೋಗದ ಬಗ್ಗೆ ಒಂದು ಮಾತು ಹೇಳದಿದ್ದರೆ ನನ್ನ ಅಪರಾಧದ ಪೂರ್ಣ ಪ್ರಮಾಣ ಓದುಗರಿಗೆ ತಿಳಿಯುವುದಿಲ್ಲ. ಮೂವತ್ತು ವರ್ಷ ನಾನು ರೇಷ್ಮೆ ಮೊಟ್ಟೆ ತಯಾರಿಸುವ ಸರ್ಕಾರಿ ಕೇಂದ್ರದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತವನು. ರೇಷ್ಮೆ ಹುಳಕ್ಕೆ ಪೆಬ್ರಿನ್ ಎಂಬ ಒಂದು ರೋಗವಿದೆ. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ನೇರವಾಗಿ ಇಳಿಯುತ್ತದೆ, ಔಷಧವಿಲ್ಲ. ಆದ್ದರಿಂದ ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು, ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡುವುದು. ಅಕ್ಕಿಕಾಳಿನ ಆಕಾರದ ಹೊಳೆಯುವ ಕಣ ಒಂದೇ ಒಂದು ಕಂಡರೂ ಆ ತಾಯಿಯ ಮೊಟ್ಟೆಗಳನ್ನೆಲ್ಲ ಅದೇ ದಿನ ಸುಡುವುದು. ನಾಳೆ ಎಂಬುದಿಲ್ಲ. ಒಮ್ಮೆ ಒಬ್ಬ ಸಹೋದ್ಯೋಗಿ ಮಗಳ ನಾಮಕರಣವೆಂದು ಸುಡುವುದನ್ನು ಮರುದಿನಕ್ಕೆ ಬಿಟ್ಟುಹೋದಾಗ ಅವನಿಗೆ ಕಾರಣ ಕೇಳುವ ನೋಟೀಸು ಬರೆದವನು ನಾನೇ. ‘ತಾಯಿಯಲ್ಲಿ ಕಂಡ ದೋಷವನ್ನು ಸಂತತಿಯ ವಿಷಯದಲ್ಲಿ ಕಡೆಗಣಿಸುವುದು ಅಕ್ಷಮ್ಯ’ ಎಂದು ಅದರಲ್ಲಿ ಬರೆದಿದ್ದೆ. ಬಹಳ ಒಳ್ಳೆಯ ಕನ್ನಡ ಎಂದು ಮೇಲಧಿಕಾರಿಗಳು ಮೆಚ್ಚಿದ್ದರು.

ಇಂಥ ನಾನು ಆ ಹುಡುಗಿ ಕೊಟ್ಟ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಬಂದೆ.

ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ನನ್ನ ಹೆಂಡತಿ, ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು.

“ಏನಂತೆ ಮಾಮ?” ಎಂದಳು ಹೆಂಡತಿ. ಹುಟ್ಟಿದಾಗಿನಿಂದ ನನ್ನನ್ನು ಕರೆಯುವುದು ಹಾಗೆಯೇ. ಮದುವೆಯಾದ ಮೇಲೆ ‘ನೀನು’ ಹೋಗಿ ‘ನೀವು’ ಬಂತು, ಅದೂ ಅವಳಮ್ಮನ ಬಲವಂತಕ್ಕೆ. ‘ಮಾಮ’ ಹೋಗಲಿಲ್ಲ.

“ಏನಿಲ್ಲ, ಊಟದ ಪಥ್ಯ ಹೇಳಿದ್ಲು,” ಎಂದೆ.

“ಅರ್ಧ ಗಂಟೆ ಪಥ್ಯನಾ?”

“ಬೆಂಗಳೂರಲ್ವಾ, ಎಲ್ಲಾ ವಿಸ್ತಾರವಾಗಿ ಹೇಳ್ತಾರೆ.”

ಕಾರಣ ನನ್ನ ಮಗಳು. ಅವಳಿಗೆ ಇಪ್ಪತ್ತೇಳು. ಮಾಲೂರಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಅದೇ ವಾರ ಶ್ರೀನಿವಾಸಪುರದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಮಾವಿನ ತೋಟದವರು, ಹುಡುಗ ಪಂಚಾಯಿತಿಯಲ್ಲಿ ನೌಕರ, ಒಳ್ಳೆಯ ಜನ. ನಮ್ಮಲ್ಲಿ ಹೆಣ್ಣು ನೋಡುವ ಮುಂಚೆ ಮನೆತನ ನೋಡುತ್ತಾರೆ. ನೋಡುವುದೆಂದರೆ ಯಾರೋ ಒಬ್ಬರು ಊರಿಗೆ ಬಂದು, ಡೈರಿಯ ಹತ್ತಿರ ಹಾಲು ಹಾಕಲು ನಿಂತವರೊಡನೆ ಬೀಡಿ ಸೇದುತ್ತಾ, ‘ಅವ್ರ ವಂಶದಲ್ಲಿ ಏನಾದ್ರೂ ಐತಾ?’ ಎಂದು ಕೇಳಿಕೊಂಡು ಹೋಗುವುದು. ಅಕ್ಕನ ಕಾಯಿಲೆಯನ್ನೇನೋ ವಯಸ್ಸಿನ ಲೆಕ್ಕಕ್ಕೆ ಹಾಕಬಹುದಿತ್ತು. ಆದರೆ ಹುಡುಗಿಯನ್ನೇ ರಕ್ತಪರೀಕ್ಷೆಗೆ ಕರೆದುಕೊಂಡು ಹೋದರು ಎಂಬ ಮಾತು ಸುಗಟೂರಿನಿಂದ ಶ್ರೀನಿವಾಸಪುರಕ್ಕೆ ತಲುಪಲು ಬಸ್ಸಿನಷ್ಟೂ ಹೊತ್ತು ಬೇಕಾಗಿರಲಿಲ್ಲ. ಮದುವೆ ಒಂದು ಮುಗಿಯಲಿ ಎಂದುಕೊಂಡೆ. ತೀರಾ ಆದರೆ ಎರಡು ತಿಂಗಳು. ಕಾಗದವನ್ನು ಯಾರೂ ಮುಟ್ಟದ ಜಾಗವಾದ ಪಂಚಾಂಗದೊಳಗಿಟ್ಟೆ. ನಮ್ಮ ಮನೆಯಲ್ಲಿ ಪಂಚಾಂಗ ತೆಗೆಯುವವನು ನಾನೊಬ್ಬನೇ.

ಮಾತುಕತೆ ನಮ್ಮ ಇಲಾಖೆಯ ಕಡತದಂತೆ ನಡೆಯಿತು. ಜಾತಕಕ್ಕೆ ಒಂದು ತಿಂಗಳು, ಆಷಾಢಕ್ಕೆ ಒಂದು ತಿಂಗಳು, ಪಿತೃಪಕ್ಷಕ್ಕೆ ಹದಿನೈದು ದಿನ, ಅವರ ಚಿಕ್ಕಪ್ಪನ ಮೊಣಕಾಲಿನ ಆಪರೇಷನ್ನಿಗೆ ಎರಡು ತಿಂಗಳು. ಮುಹೂರ್ತಕ್ಕೆಂದು ಪಂಚಾಂಗ ತೆರೆದಾಗಲೆಲ್ಲ ಕಾಗದ ಕೈಗೆ ತಾಗುತ್ತಿತ್ತು. ಪ್ರತಿ ಸಲವೂ ಅದನ್ನು ಮುಂದಿನ ತಿಂಗಳ ಪುಟಕ್ಕೆ ಸರಿಸಿಡುತ್ತಿದ್ದೆ.

ಐದನೇ ತಿಂಗಳಿರಬೇಕು. ಬೆಳಿಗ್ಗೆ ಹುಳದ ತಟ್ಟೆಗೆ ಸೊಪ್ಪು ಹಾಕುತ್ತಿದ್ದೆವು. ನಿವೃತ್ತಿಯ ಮೇಲೆ ಮನೆಯಲ್ಲೇ ಒಂದಿಷ್ಟು ರೇಷ್ಮೆ ಸಾಕುತ್ತಿದ್ದೆವು. ಹೆಂಡತಿ ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕತ್ತು ಎತ್ತಿದಳು.

“ಮಾಮ, ಇಲ್ಲಿ ಮುಟ್ಟಿ ನೋಡಿ. ಏನೋ ಕೈಗೆ ಸಿಗತ್ತೆ.”

ಮುಟ್ಟಿದೆ. ಸಿಕ್ಕಿತು. ಕಡಲೆಬೀಜದಷ್ಟು, ಗಟ್ಟಿಯಾಗಿ, ನುಂಗಿದಾಗ ಬೆರಳಿನಡಿ ಮೇಲೆ ಹೋಗಿ ಕೆಳಗೆ ಬಂತು.

“ಏನಿಲ್ಲ, ನರ,” ಎಂದೆ. ಮೂವತ್ತು ವರ್ಷ ಸೂಕ್ಷ್ಮದರ್ಶಕ ನೋಡಿದವನ ಗಾಂಭೀರ್ಯದಲ್ಲಿ ಹೇಳಿದೆ.

“ನರ ಇಷ್ಟ್ ದಪ್ಪ ಇರತ್ತಾ?”

“ಇರತ್ತೆ. ತಲೆ ಮೇಲೆ ಸೊಪ್ಪು ಹೊರ್ತೀಯಲ್ಲ, ಅದಕ್ಕೆ.”

“ಅಮ್ಮಂಗೂ ಇಲ್ಲೇ ಅಲ್ವಾ ಬಂದಿದ್ದು?”

“ನಿಮ್ಮಮ್ಮನ ವಯಸ್ಸೇನು, ನಿನ್ ವಯಸ್ಸೇನು? ಹುಳ ಕಾಯ್ತಿದಾವೆ, ಸೊಪ್ಪು ಹಾಕು.”

ಅವಳು ನಂಬಿದಳು. ನನ್ನನ್ನು ಹುಟ್ಟಿದಾಗಿನಿಂದ ನಂಬಿದವಳು. ಮಾರನೆಯ ದಿನದಿಂದ ಸೊಪ್ಪಿನ ಹೊರೆಯನ್ನು ತಲೆ ಬಿಟ್ಟು ಸೊಂಟದ ಮೇಲೆ ಹೊರತೊಡಗಿದಳು. ಅದನ್ನು ನೋಡಿಯೂ ನಾನು ಅನ್ನ ತಿಂದೆ, ನಿದ್ದೆ ಮಾಡಿದೆ, ಶ್ರೀನಿವಾಸಪುರಕ್ಕೆ ಫೋನು ಮಾಡಿ ಚಿಕ್ಕಪ್ಪನ ಮೊಣಕಾಲು ವಿಚಾರಿಸಿದೆ.

ಏಳನೇ ತಿಂಗಳಲ್ಲಿ ಅಕ್ಕ ಹೋದಳು. ಅವಳಿಗೆ ಆಪರೇಷನ್ ಆಗಿತ್ತು, ಆದರೆ ಆ ಹೊತ್ತಿಗೆ ಅದು ಪಿತ್ತಜನಕಾಂಗ ಮುಟ್ಟಿಬಿಟ್ಟಿತ್ತು. ಕೊನೆಗೆ ಒಂದು ದಿನ ನಾನು ಅವಳ ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಹೇಳಿಬಿಡೋಣವೆಂದು, “ಅಕ್ಕಾ, ಅವತ್ತು ಆ ಹುಡುಗಿ ಒಂದು ಕಾಗ್ದ ಕೊಟ್ಟಿದ್ಲು,” ಎಂದು ಶುರುಮಾಡಿದೆ. ಅವಳು ಕಣ್ಣು ಮುಚ್ಚಿಕೊಂಡೇ, “ಪೋನೀಲೇರಾ,” ಎಂದಳು. ಬಿಡೋ, ಹೋಗಲಿ ಎಂದು. ಮುಳಬಾಗಿಲಿಗೆ ಹೋದ ಮೇಲೆ ಅವಳಿಗೆ ದುಃಖಕ್ಕೂ ಮುದ್ದಿಗೂ ತೆಲುಗೇ ಬರುತ್ತಿತ್ತು. ಬಿಟ್ಟೆ. ಹಾಗೆ ಬಿಡುವುದು ನನಗೆ ಆಗ ಎಷ್ಟು ಅನುಕೂಲವಾಗಿ ಕಂಡಿತೆಂದರೆ ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ.

ಹನ್ನೊಂದನೇ ತಿಂಗಳಲ್ಲಿ ಶ್ರೀನಿವಾಸಪುರದವರು ಸಂಬಂಧ ಬೇಡವೆಂದರು. ಕಾಯಿಲೆಯ ಸುದ್ದಿ ಅವರಿಗೆ ತಲುಪಿರಲೇ ಇಲ್ಲ. ಹುಡುಗನ ಸೋದರತ್ತೆಯ ಮಗಳು ಒಬ್ಬಳು ಇದ್ದಳಂತೆ, ಇಷ್ಟು ದಿನ ಓದು ಓದು ಎನ್ನುತ್ತಿದ್ದವಳು ಈಗ ಒಪ್ಪಿಕೊಂಡಳಂತೆ. ‘ನಮ್ಮ ರಕ್ತದಲ್ಲೇ ಆಗ್ಲಿ ಅಂತ ಹಿರಿಯರ ಆಸೆ, ತಪ್ಪು ತಿಳೀಬೇಡಿ’ ಎಂದರು. ತಪ್ಪು ತಿಳಿಯಲು ನನಗೆ ಯಾವ ಅರ್ಹತೆಯೂ ಇರಲಿಲ್ಲ. ಅವರು ಬಹಳ ಮರ್ಯಾದೆಯಿಂದ ಹೋಳಿಗೆ ಕಳಿಸಿದ್ದರು.

ಮರುದಿನ ಬೆಳಿಗ್ಗೆ ಪಂಚಾಂಗದಿಂದ ಕಾಗದ ತೆಗೆದು ಆಸ್ಪತ್ರೆಯ ಫೈಲಿಗೆ ಸೇರಿಸಿದೆ. ಹೆಂಡತಿಗೂ ಮಗಳಿಗೂ ‘ಆಸ್ಪತ್ರೆಯಿಂದ ಫೋನು ಬಂದಿತ್ತು, ಎಲ್ಲರೂ ರಕ್ತ ಕೊಡಬೇಕಂತೆ’ ಎಂದೆ. ಸತ್ಯ ಹೇಳಲು ಹೊರಟ ದಿನವೂ ಸುಳ್ಳಿನಿಂದಲೇ ಶುರುಮಾಡಿದ್ದು. ಮೂವರೂ ಬೆಂಗಳೂರಿಗೆ ಹೋಗಿ ಮೂರು ಸಣ್ಣ ಕೊಳವೆ ರಕ್ತ ಕೊಟ್ಟು ಬಂದೆವು. ಮಗಳು ದಾರಿಯುದ್ದಕ್ಕೂ ಮೊಬೈಲಿನಲ್ಲಿ ಅದರ ಬಗ್ಗೆ ಓದಿ ಅಮ್ಮನಿಗೆ ಹೇಳುತ್ತಿದ್ದಳು. ನಾನು ಕಿಟಕಿಯ ಹೊರಗೆ ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಫಲಿತಾಂಶ ಹೇಳಿದ್ದು ಅದೇ ಹುಡುಗಿ. ಅದೇ ಹಾಳೆ ತೆಗೆದಳು. ಹೆಂಡತಿಯ ಸೊನ್ನೆಯನ್ನು ತುಂಬಿದಳು. ಮಗಳ ಸೊನ್ನೆಯನ್ನು ತುಂಬಿದಳು. ನನ್ನ ಚೌಕವನ್ನು ಹಾಗೆಯೇ ಬಿಟ್ಟಳು.

“ನಿಮಗೆ ಇಲ್ಲ ಸರ್,” ಎಂದಳು. ಒಳ್ಳೆಯ ಸುದ್ದಿ ಎಂಬಂತೆ ಹೇಳಲು ಪ್ರಯತ್ನಪಟ್ಟಳು, ಪಾಪ.

ಅಮ್ಮ ನನಗೆ ಅದನ್ನು ಕೊಟ್ಟಿರಲಿಲ್ಲ. ನಾನು ತಪ್ಪಿಸಿಕೊಂಡಿದ್ದೆ. ಊರಲ್ಲಿ ಬೇರೆ ಯಾವ ಹೆಣ್ಣನ್ನಾದರೂ ಕಟ್ಟಿಕೊಂಡಿದ್ದರೆ ಅದು ನನ್ನ ಹೊಸ್ತಿಲು ದಾಟಿ ಬರುತ್ತಲೇ ಇರಲಿಲ್ಲ. ಮಂಗಳವಾದ್ಯ ಊದಿಸಿ, ಚಪ್ಪರ ಹಾಕಿಸಿ, ಗೊತ್ತಿರುವ ರಕ್ತವೆಂದು ಅದನ್ನು ಮನೆ ತುಂಬಿಸಿಕೊಂಡವನು ನಾನೇ. ಆದರೆ ಇದಕ್ಕೆ ನಾನು ನನ್ನನ್ನು ದೂರುವುದಿಲ್ಲ. ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲಿನ ಹನ್ನೊಂದು ತಿಂಗಳು ಬೇರೆ ಮಾತು.

ಇಬ್ಬರಿಗೂ ಆಪರೇಷನ್ ಆಯಿತು. ಮಗಳ ಗ್ರಂಥಿಯಲ್ಲಿ ಸಾಸಿವೆಯಷ್ಟು ಸಿಕ್ಕಿತು. ಅದು ಅಲ್ಲಿಗೇ ಮುಗಿದಿದೆ ಎಂದರು. ದಿನಾ ಬೆಳಿಗ್ಗೆ ಒಂದು ಮಾತ್ರೆ ನುಂಗಿ ಮತ್ತೆ ಏಳೂವರೆಯ ಬಸ್ಸು ಹಿಡಿಯತೊಡಗಿದಳು. ಹೆಂಡತಿಯದು ಕತ್ತಿನ ಎರಡೂ ಕಡೆಯ ಗಂಟುಗಳಿಗೆ ಹರಡಿತ್ತು. ಆರು ಗಂಟೆ ಹೊತ್ತು ತೆಗೆದರು. ಒಂದು ಕಡೆಯ ಧ್ವನಿಯ ನರವನ್ನು ಉಳಿಸಲಾಗಲಿಲ್ಲ.

ನಾನು ಸರ್ಜನ್ನರ ಕೋಣೆಗೆ ಒಬ್ಬನೇ ಹೋದೆ. “ಹನ್ನೊಂದು ತಿಂಗಳು ಮುಂಚೆ ಬಂದಿದ್ರೆ?”

“ಹೇಳೋಕಾಗಲ್ಲ. ಆಗಲೂ ಹರಡಿರಬಹುದಿತ್ತು. ಇಲ್ಲದೇನೂ ಇರಬಹುದಿತ್ತು.”

“ಒಂದು ಅಂದಾಜು ಹೇಳಿ ಸಾರ್.”

“ಅಂದಾಜು ತಗೊಂಡು ಏನ್ಮಾಡ್ತೀರಿ?”

ನೀನೇ ಕಾರಣ ಎಂದಿದ್ದರೆ ಅಳಬಹುದಿತ್ತು. ನೀನಲ್ಲ ಎಂದಿದ್ದರೂ ಅಳಬಹುದಿತ್ತು. ಅವರು ಎರಡನ್ನೂ ಕೊಡದೆ, ಇನ್ನೊಬ್ಬ ರೋಗಿ ಕಾಯುತ್ತಿದ್ದಾರೆಂದು ಕೈಮುಗಿದರು.

ಮನೆಗೆ ಕರೆದುಕೊಂಡು ಬರುವ ದಿನ ಮಗಳು ಔಷಧಿ ತರಲು ಹೋಗಿದ್ದಳು. ಹೆಂಡತಿ ಮಂಚದ ಮೇಲೆ ಕೂತು ಫೈಲಿನ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸುತ್ತಿದ್ದಳು. ಹುಳ ಸಾಕಿದವಳು, ಯಾವುದು ಎಷ್ಟನೇ ದಿನ ಎಂಬುದು ಅವಳಿಗೆ ಸರಿಯಾಗಿ ಗೊತ್ತಿರಬೇಕು. ಒಂದು ಕಾಗದ ಕೈಯಲ್ಲೇ ಉಳಿಯಿತು. ನಾಲ್ಕು ಮಡಿಕೆಯ ಗುರುತು, ಮೂಲೆಯಲ್ಲಿ ಅರಿಶಿನದ ಕಲೆ.

ಅವಳು ಏನೋ ಅಂದಳು. ಕೇಳಿಸಲಿಲ್ಲ. ಗಾಳಿ ಮಾತ್ರ ಬರುತ್ತಿತ್ತು ಗಂಟಲಿನಿಂದ. ಬಗ್ಗಿ ಕಿವಿ ಕೊಟ್ಟೆ. ಬೈಗುಳವನ್ನೂ ಬಗ್ಗಿಯೇ ಕೇಳಿಸಿಕೊಳ್ಳಬೇಕಾದ ಸ್ಥಿತಿ.

“ಇದು ಹೋದ ವರ್ಷದ್ದು,” ಎಂದಳು.

“ಹೌದು.”

“ನಾನು ಕತ್ತು ತೋರ್ಸಿದಾಗ ಇದು ನಿನ್ನತ್ರ ಇತ್ತು.”

“ಇತ್ತು.”

“ಮಗೀ ಮದುವೆಗೆ ಅಂತ.”

“ಹೂಂ.”

ಅವಳು ಕಾಗದವನ್ನು ಫೈಲಿನಲ್ಲಿ ಅದರ ತಾರೀಖಿನ ಜಾಗಕ್ಕೆ ಸೇರಿಸಿದಳು. ನಾನು ಅವಳ ಬಾಯಿಯ ಹತ್ತಿರ ಕಿವಿಯಿಟ್ಟುಕೊಂಡೇ ಬಗ್ಗಿ ನಿಂತಿದ್ದೆ. ನೋಡಿದವರಿಗೆ ಗುಟ್ಟು ಹೇಳಿಸಿಕೊಳ್ಳುವ ಹೊಸ ಮದುಮಗನಂತೆ ಕಂಡಿರಬೇಕು.

“ನಾನಾಗಿದ್ರೂ ಮುಚ್ಚಿಡ್ತಿದ್ದೆ, ಮಾಮ,” ಎಂದಳು. “ಆದ್ರೆ ನಿಂಗೆ ಹೇಳಿ ಮುಚ್ಚಿಡ್ತಿದ್ದೆ.”

ಮದುವೆಯಾದ ಮೇಲೆ ಮೊದಲ ಸಲ ‘ನೀನು’ ಎಂದಿದ್ದಳು. ಅಂದಿನಿಂದ ಅದು ಬದಲಾಗಿಲ್ಲ.

ಮಗಳಿಗೂ ಅವಳೇ ಹೇಳಿದಳು. ಮಗಳು ನನ್ನೊಡನೆ ಜಗಳವಾಡಲಿಲ್ಲ. ಒಂದೇ ಒಂದು ಸಲ, ಬೂಟ್ಸು ಹಾಕಿಕೊಳ್ಳುತ್ತಾ, “ನನ್ನ ಮದುವೆಗೆ ಅಂತ ಮಾಡ್ದೆ ಅಂತ ಮಾತ್ರ ಯಾರ್ ಮುಂದೇನೂ ಹೇಳ್ಬೇಡಿ ಅಪ್ಪ,” ಎಂದಳು. ಈಗ ಮಾಲೂರಿನಲ್ಲೇ ರೂಮು ಮಾಡಿದ್ದಾಳೆ. ಭಾನುವಾರ ಬಂದು ಅಮ್ಮನ ತಲೆ ಬಾಚಿ ಹೋಗುತ್ತಾಳೆ.

ಮೂರು ತಿಂಗಳಿಗೊಮ್ಮೆ ಹೆಂಡತಿಯ ರಕ್ತದಲ್ಲಿ ಕ್ಯಾಲ್ಸಿಟೋನಿನ್ ಎಂಬುದನ್ನು ಅಳೆಯುತ್ತಾರೆ. ಮೈಯಲ್ಲಿ ಕಾಯಿಲೆ ಎಲ್ಲಾದರೂ ಉಳಿದಿದ್ದರೆ ಆ ಸಂಖ್ಯೆ ಏರುತ್ತದೆ. ಆ ಫಲಿತಾಂಶದ ಕಾಗದ ತರಲು ಕೋಲಾರಕ್ಕೆ ಅವಳೊಬ್ಬಳೇ ಹೋಗುತ್ತಾಳೆ. ಕಾಗದ ನನ್ನ ಕೈಗೆ ಮೊದಲು ಬರಬಾರದು ಎಂಬುದು ಅವಳ ಶಾಸನ, ನಾನು ಅದಕ್ಕೆ ತಲೆಬಾಗಿದ್ದೇನೆ. ಸಂಜೆ ಹಾಲು ಹಾಕುವ ಹೊತ್ತಿಗೆ ಬಸ್ಸು ಬರುತ್ತದೆ. ಬಸ್ಸು ನಿಲ್ಲುವುದು ಡೈರಿಯ ಎದುರಿಗೇ.

ಹೋದ ವಾರ ಅವಳು ಇಳಿದಳು. ಕ್ಯಾನು ಹಿಡಿದು ನಿಂತ ಹತ್ತು ಹನ್ನೆರಡು ಜನರ ನಡುವೆ ನಾನೂ ಇದ್ದೆ. ಅವಳು ನೇರ ನನ್ನ ಹತ್ತಿರ ಬಂದು, ಕಾಗದವನ್ನು ಬಿಡಿಸಿ ನನ್ನ ಕೈಗೆ ಕೊಟ್ಟಳು.

“ಮನೇಲಿ ನೋಡೋಣ,” ಎಂದೆ.

ಅವಳು ಬೇಡವೆಂದು ತಲೆಯಾಡಿಸಿದಳು. “ಇಲ್ಲೇ ಓದು. ಜೋರಾಗಿ. ನಂಗೆ ಗಂಟಲಿಲ್ಲ.”

ಓದಿದೆ. ಹೆಸರು, ವಯಸ್ಸು, ತಾರೀಖು. ಆಮೇಲೆ ಸಂಖ್ಯೆ: ನಾನೂರ ಹದಿನಾರು. ಹಾಲು ಅಳೆಯುತ್ತಿದ್ದವನು ಕೈ ನಿಲ್ಲಿಸಿದ. ಸಾಲಿನಲ್ಲಿದ್ದ ಒಬ್ಬ ಅಜ್ಜಿ, ಹೆಂಡತಿಯ ಜೊತೆಗೆ ಹಿಪ್ಪುನೇರಳೆ ಕೀಳಲು ಬರುವವಳು, ಕೇಳಿದಳು:

“ಹೋದ್ಸಲ ಎಷ್ಟಿತ್ತಪ್ಪಾ?”

“ಇನ್ನೂರ ತೊಂಬತ್ತು,” ಎಂದೆ.

“ಅಂದ್ರೆ ಒಳ್ಳೇದಾ, ಕೆಟ್ಟದ್ದಾ?”

ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಕೆಟ್ಟದ್ದು,” ಎಂದೆ, ಎಲ್ಲರಿಗೂ ಕೇಳಿಸುವಂತೆ.